ಎಲೆ ತಿರುಗಿಸಿ ತೋರಿಸಿದ ನರ್ಸರಿ

ಗಿಡ ಕೊಳ್ಳಲು ಹೋದವರಿಗೆ ಹೂವು ತೋರಿಸುವ ನರ್ಸರಿಗಳು ಶಿವಮೊಗ್ಗದ ಸುತ್ತಮುತ್ತ ಬೇಕಾದಷ್ಟಿವೆ. ಎಲೆಯನ್ನು ಕಿತ್ತು, ಹಿಂದುಮುಂದು ತಿರುಗಿಸಿ ತೋರಿಸಿದ್ದನ್ನು ನಾನು ಕಂಡದ್ದು ಇದೊಂದರಲ್ಲಿ ಮಾತ್ರ. ಒಂದು ಬೇಸಿಗೆ ಕಳೆದ ಮೇಲೆ ಬರೆಯೋಣವೆಂದು ಇಷ್ಟು ದಿನ ಕಾದೆ.

ನಮ್ಮ ಮನೆ ಸಾಗರ ರಸ್ತೆಗೆ ಮುಖ ಮಾಡಿಕೊಂಡಿದೆ. ಮಾರ್ಚ್‌ನಿಂದ ಮೇ ತನಕ ಹಲಸಿನ ಹಪ್ಪಳ, ಸಂಡಿಗೆ, ಬಾಳಕದ ಮೆಣಸು ಮಾಡಿ ಮಾರುತ್ತೇನೆ. ಎಲ್ಲವೂ ಒಣಗಬೇಕಾದದ್ದು ಮುಂದಿನ ಅಂಗಳದಲ್ಲೇ. ಮೇಲೆ ತೆಳ್ಳನೆಯ ಪಂಚೆ ಹೊದಿಸಿದರೂ ಸಂಜೆಯ ಹೊತ್ತಿಗೆ ಅದು ಕೆಂಪಗಾಗುತ್ತಿತ್ತು. ಕೆಮ್ಮಣ್ಣನ್ನಾದರೂ ಕೊಡವಬಹುದು. ಡೀಸೆಲ್ ಹೊಗೆಯ ಮಸಿ, ಬ್ರೇಕು ಮತ್ತು ಟೈರು ಸವೆದು ಏಳುವ ಪುಡಿ ಕಣ್ಣಿಗೇ ಬೀಳುವುದಿಲ್ಲ. ಪಿಎಂ 2.5 ಎನ್ನುವ ಕಣಗಳು 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಚಿಕ್ಕವು. ತಲೆಗೂದಲು ಅವುಗಳಿಗಿಂತ ಇಪ್ಪತ್ತು ಪಟ್ಟಾದರೂ ದಪ್ಪ. ಶ್ವಾಸಕೋಶದ ಆಳಕ್ಕೆ ಇಳಿಯುವುದು ಇವೇ. ವರ್ಷದ ಸರಾಸರಿಯಲ್ಲಿ ಇವು ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ಮಾನದಂಡ; ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಯನ್ನು 5ಕ್ಕೆ ಇಳಿಸಿತು. ಹಪ್ಪಳ ಹಾಗಿರಲಿ, ಉಬ್ಬಸವಿರುವ ನಮ್ಮ ಅತ್ತೆ ಕಾಗೆ ಓಡಿಸುತ್ತ ಇಡೀ ದಿನ ಕೂರುವುದು ಅದೇ ಜಗಲಿಯಲ್ಲಿ.

ರಸ್ತೆಯ ಧೂಳು ತಡೆಯುವ ಗಿಡ ಬೇಕೆಂದು ಹೋದಾಗ ನರ್ಸರಿಯ ಯಜಮಾನರು ಮೊದಲು ಕೇಳಿದ್ದು, "ಅಮ್ಮಾ, ರಸ್ತೆ ಎಷ್ಟು ದೂರ? ದನ ಕಟ್ಟುತ್ತೀರಾ?" ಎಂದು. ಆಮೇಲೆ ಒಂದು ದೊಡ್ಡಪತ್ರೆ ಎಲೆ, ಒಂದು ರಬ್ಬರ್ ಗಿಡದ ಎಲೆ ಕಿತ್ತರು. ಎರಡರ ಮೇಲೂ ಚಿಟಿಕೆ ಒಣ ಮಣ್ಣಿನ ಹುಡಿ ಉದುರಿಸಿ ಊದಿದರು. ರಬ್ಬರ್ ಎಲೆ ಬಹುಮಟ್ಟಿಗೆ ಚೊಕ್ಕಟವಾಯಿತು. ದೊಡ್ಡಪತ್ರೆಯ ರೋಮಗಳ ನಡುವೆ ಹುಡಿ ಹಾಗೆಯೇ ಕೂತಿತ್ತು. ಗಾಳಿ ಎಲೆಯನ್ನು ಬಳಸಿಕೊಂಡು ಹೋಗುತ್ತದೆ, ದಪ್ಪ ಕಣಕ್ಕೆ ಅಷ್ಟು ಬೇಗ ತಿರುಗಲಾಗದೆ ಎಲೆಗೆ ಹೋಗಿ ಬಡಿಯುತ್ತದೆ. ತೀರಾ ಸಣ್ಣವು ಗೊತ್ತುಗುರಿಯಿಲ್ಲದೆ ಅಲೆದಾಡುತ್ತ ತಾಗಿದಲ್ಲಿ ಅಂಟುತ್ತವೆ. ಅಂಟಿದ್ದನ್ನು ಹಿಡಿದಿಡುವುದು ಎಲೆಯ ರೋಮ, ಏಣು, ಮೇಣದ ಪದರ. ಹತ್ತು ನಿಮಿಷದಲ್ಲಿ ಇಷ್ಟನ್ನು ತಿಳಿಯುವಂತೆ ಹೇಳಿದರು.

ನನಗೆ ಅವರ ಮೇಲೆ ನಂಬಿಕೆ ಬಂದದ್ದು ಅವರು ಬೇಡವೆಂದ ಗಿಡಗಳಿಂದ. ತೇಗದ ಎಲೆ ಅಗಲ, ಒರಟು, ಅಡಿಯಲ್ಲಿ ರೋಮ. ಆದರೆ ಧೂಳು ಏಳುವ ಬೇಸಿಗೆಯಲ್ಲೇ ಮರ ಬೋಳು. ಅರಳಿಯ ತೊಟ್ಟು ಉದ್ದ, ಸಣ್ಣ ಗಾಳಿಗೂ ಎಲೆ ಅಲುಗಾಡಿ ಹಿಡಿದದ್ದನ್ನು ಬಿಟ್ಟುಬಿಡುತ್ತದೆ. ಅಕೇಶಿಯಾ ಬೇಗ ಎತ್ತರವಾಗುತ್ತದೆ, ನಾವು ಉಸಿರಾಡುವ ಮಟ್ಟದಲ್ಲಿ ಉಳಿಯುವುದು ಬರೀ ಕಾಂಡ. ಹೆದ್ದಾರಿಯ ನಡುವೆ ನೆಡುವ ಕಣಗಿಲೆ ಧೂಳನ್ನು ತಾಳಿಕೊಳ್ಳುವ ಗಿಡವೇ, ಆದರೆ ಬೇರಿನಿಂದ ಹೂವಿನವರೆಗೂ ವಿಷ. ದನವಿರುವ, ತಿಂಡಿ ಒಣಗಿಸುವ ಅಂಗಳಕ್ಕೆ ಅದನ್ನು ಕೊಡುವುದಿಲ್ಲ ಎಂದರು.

ಕೊಟ್ಟದ್ದು ರಸ್ತೆಯ ಕಡೆಗೆ ಒತ್ತಾಗಿ ದಾಸವಾಳ, ಒಳಸಾಲಿಗೆ ರೆಂಜೆ. ದಾಸವಾಳ ಸವರಿದಷ್ಟೂ ಬುಡದಿಂದಲೇ ಕವಲೊಡೆಯುತ್ತದೆ. ರೆಂಜೆ ವರ್ಷವಿಡೀ ಹಸಿರು, ಆದರೆ ಬೆಳವಣಿಗೆ ನಿಧಾನ. ದಾಸವಾಳಕ್ಕೆ 40 ರೂಪಾಯಿ, ಮೊಣಕಾಲೆತ್ತರದ ರೆಂಜೆಗೆ 150. ದುಬಾರಿ ಎನ್ನಿಸಲಿಲ್ಲ.

ಎದೆಮಟ್ಟ ಬಂದಿರುವ ದಾಸವಾಳದಿಂದಲೇ ವ್ಯತ್ಯಾಸ ಕಾಣುತ್ತಿದೆ. ಪಂಚೆ ಮೊದಲಿನಷ್ಟು ಕೆಂಪಾಗುವುದಿಲ್ಲ. ಏಪ್ರಿಲ್‌ನಲ್ಲಿ ರಸ್ತೆ ಕಡೆಯ ಒಂದು ಎಲೆಯನ್ನು ನೀರಲ್ಲಿ ಅಲುಬಿದೆ, ಕೆಂಪು ಹರಿದುಹೋಯಿತು. ಒದ್ದೆ ಬಿಳಿ ಬಟ್ಟೆಯಿಂದ ಒರೆಸಿದಾಗ ಜಿಡ್ಡಿನಂಥ ಕಪ್ಪು ಬಂತು. ನೀರಿಗೆ ಬಿಡದೆ ಮೇಣಕ್ಕೆ ಕಚ್ಚಿಕೊಂಡ ಆ ಕಪ್ಪನ್ನು ಅತ್ತೆಗೆ ತೋರಿಸಿದೆ. "ಇಷ್ಟೂ ನನ್ನ ಎದೆಗೆ ಹೋಗುತ್ತಿತ್ತಲ್ಲೇ!" ಎಂದರು. ವಾರಕ್ಕೊಮ್ಮೆ ಪೈಪು ಹಿಡಿದು ಗಿಡ ತೊಳೆಯುತ್ತೇನೆ. ಧೂಳು ಮುಚ್ಚಿದರೆ ಎಲೆಯೂ ಸೊರಗುತ್ತದೆ. ಬಿದ್ದದ್ದು ಮತ್ತೆ ಏಳದಂತೆ ಬುಡದಲ್ಲಿ ಹುಲ್ಲು ಬಿಟ್ಟಿದ್ದೇನೆ.

ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ ಬಾರ್ಬರಾ ಮೇಹರ್ ಅವರ ತಂಡ ರಸ್ತೆಬದಿಯ ಮನೆಗಳ ಮುಂದೆ ಎಳೆಯ ಬರ್ಚ್ ಗಿಡಗಳ ಸಾಲು ಇಟ್ಟು ಅಳೆದಾಗ, ಮನೆಯೊಳಗಿನ ಕಣಗಳು ಅರ್ಧಕ್ಕೂ ಹೆಚ್ಚು ಇಳಿದಿದ್ದವು. 2013ರಲ್ಲಿ ಪ್ರಕಟವಾದ ಅಧ್ಯಯನ ಅದು. ಹಾಗೆಂದು ಎಲ್ಲ ಬೀದಿಗೂ ಇದೇ ಮದ್ದಲ್ಲ. ಗಾಂಧಿ ಬಜಾರಿನಂಥ ಇಕ್ಕಟ್ಟಿನಲ್ಲಿ ದಟ್ಟ ಮರ ಮೇಲೆ ಮುಚ್ಚಿಕೊಂಡರೆ ಹೊಗೆ ಹೊರಹೋಗಲು ದಾರಿಯಿಲ್ಲದೆ ಕೆಳಗೇ ನಿಲ್ಲುತ್ತದೆ. ಅಲ್ಲಿಗೆ ಗಿಡ್ಡ ಬೇಲಿಯೇ ಸರಿ. ಇದನ್ನೂ ಯಜಮಾನರೇ ಗಿರಾಕಿಗಳಿಗೆ ಹೇಳಿದರೆ ಚೆನ್ನ.

ದೂರುಗಳೂ ಇವೆ. ಕೆಲವು ರೆಂಜೆ ಸಸಿಗಳ ಬೇರು ಪ್ಲಾಸ್ಟಿಕ್ ಚೀಲದೊಳಗೆ ಸುರುಳಿ ಸುತ್ತಿಕೊಂಡಿತ್ತು. ಅವುಗಳಲ್ಲಿ ಎರಡು ಮೇಲೇಳಲೇ ಇಲ್ಲ. ಇನ್ನೊಂದು ನನಗೆ ನಿಜಕ್ಕೂ ಬೇಸರ ತಂದದ್ದು. ಗೇಟಿನ ಪಕ್ಕಕ್ಕೆ ಗಿಡ ಬೇಕೆಂದು ಮತ್ತೆ ಹೋದಾಗ ಯಜಮಾನರು ಇರಲಿಲ್ಲ. ಧೂಳು ತಡೆಯಬೇಕು ಎಂದು ಸ್ಪಷ್ಟವಾಗಿ ಹೇಳಿದರೂ ಕೆಲಸದ ಹುಡುಗ ಪಾರಿಜಾತ ಕೊಟ್ಟ. ಉಪ್ಪುಕಾಗದದಂಥ ಒರಟು ಎಲೆ, ನೋಡಲು ಎಲ್ಲ ಸರಿ. ಫೆಬ್ರವರಿ ಕಳೆಯುವಷ್ಟರಲ್ಲಿ ಎಲೆಯೆಲ್ಲ ಉದುರಿ ಗೇಟಿನ ಬದಿ ಬಟ್ಟಬಯಲಾಯಿತು. ಬದಲಿ ಕೇಳಿದ್ದಕ್ಕೆ, ಗಿಡ ಸತ್ತಿಲ್ಲವಲ್ಲ ಎಂಬ ಉತ್ತರ ಬಂತು.

ಎಲೆ ಉದುರುವ ತಿಂಗಳನ್ನು ಪ್ರತಿ ಸಸಿಯ ಚೀಟಿಯಲ್ಲಿ ಬೆಲೆಯ ಕೆಳಗೆ ಬರೆದಿಡಿ ಎಂದು ನರ್ಸರಿಯವರಲ್ಲಿ ಕೇಳಿಕೊಳ್ಳುತ್ತೇನೆ. ಕೊಳ್ಳುವವರು ಜೂನ್ ಮೊದಲ ಮಳೆ ಬಿದ್ದ ಕೂಡಲೇ, ಬೆಳಗಿನ ಹೊತ್ತಿಗೆ ಹೋಗಿ. ಯಜಮಾನರು ಇರುವುದು ಆಗಲೇ. ಹಣ ಕೊಡುವ ಮುನ್ನ ಚೀಲದ ಬುಡ ಬಿಚ್ಚಿಸಿ ಬೇರು ನೋಡಿ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ.