ಆರು ವರ್ಷ ಹ್ಯಾಸ್ಕೆಲ್ ಬಳಸಿದ ಮೇಲೆ: ಟೈಪ್ ಹೇಳುವುದು, ಟೈಪ್ ಹೇಳದಿರುವುದು

2019ರ ಕೊನೆಗೆ ಜಿಎಚ್‌ಸಿ ಎಂಬ ಕಂಪೈಲರ್‌ನ (ಕೋಡನ್ನು ಓಡುವ ಪ್ರೋಗ್ರಾಂ ಆಗಿ ಬದಲಿಸುವ ಸಲಕರಣೆ) 8.8 ಆವೃತ್ತಿ ಹಾಕಿಕೊಂಡು ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಶುರು ಮಾಡಿದೆ. ಈಗ 9.10ಕ್ಕೆ ಬಂದಿದ್ದೇನೆ. ಈ ಆರು ವರ್ಷದಲ್ಲಿ ನನ್ನ ಕೆಲಸದ ಮುಕ್ಕಾಲು ಪಾಲು ಇದರಲ್ಲೇ ನಡೆದಿದೆ. ಯಂತ್ರಗಳು ಕಳಿಸುವ ಲಾಗ್ ಫೈಲುಗಳನ್ನು ಓದುವುದು, ಸಾಲು ಸಾಲಾಗಿ ಬಿಡಿಸಿ ಎಣಿಸುವುದು, ಬೆಳಗಾಗುವಷ್ಟರಲ್ಲಿ ವರದಿ ಸಿದ್ಧ ಮಾಡುವುದು, ಇಷ್ಟೇ ಕೆಲಸ. ಹಾಗಾಗಿ ಮೊನಾಡ್ ಎಂದರೇನು ಎಂಬಂಥ ಸಿದ್ಧಾಂತದ ಪಾಠ ಇಲ್ಲಿ ಸಿಗುವುದಿಲ್ಲ. ದಿನಾ ಬಳಸುವ ಸಲಕರಣೆಗಳು ಹೇಗಿವೆ, ದಿನಾ ಎಲ್ಲಿ ಎಡವುತ್ತೇವೆ, ಅದನ್ನು ಮಾತ್ರ ಬರೆಯುತ್ತೇನೆ.

ಅಂಕ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಭಾಷೆಗೆ ಐದಕ್ಕೆ ನಾಲ್ಕೂವರೆ. ಸುತ್ತಲಿನ ಸಲಕರಣೆಗಳಿಗೆ ಮೂರೂವರೆ. ನಾಲ್ಕು ವರ್ಷದ ಹಿಂದೆ ಕೇಳಿದ್ದರೆ ಸಲಕರಣೆಗಳಿಗೆ ಎರಡೂವರೆ ಕೊಡುತ್ತಿದ್ದೆ.

ನಾನು ಈ ಭಾಷೆಯನ್ನು ಬಿಡದೆ ಇರುವುದಕ್ಕೆ ಕಾರಣ ಒಂದೇ. ಹಳೇ ಕೋಡ್ ಬದಲಿಸುವಾಗ ಭಯ ಆಗುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಪ್ರೋಗ್ರಾಂನಲ್ಲಿ ಯಂತ್ರದ ಸ್ಥಿತಿಗೆ ಒಂದು ಟೈಪ್ (ಒಂದು ಮೌಲ್ಯ ಯಾವ ಬಗೆಯದು, ಏನೇನು ಆಗಬಹುದು ಎಂದು ಹೇಳುವ ಗುರುತು) ಇತ್ತು: ಓಡುತ್ತಿದೆ, ನಿಂತಿದೆ, ಕೆಟ್ಟಿದೆ. ಮೂರೇ ಮೂರು. ಒಂದು ದಿನ ನಾಲ್ಕನೆಯದು ಬೇಕಾಯಿತು: ದುರಸ್ತಿಯಲ್ಲಿದೆ. ಟೈಪ್‌ಗೆ ಒಂದು ಸಾಲು ಸೇರಿಸಿ ಕಂಪೈಲ್ ಮಾಡಿದೆ. ಹದಿನಾಲ್ಕು ಕಡೆ ಎಚ್ಚರಿಕೆ ಬಂತು. ಒಂದೊಂದಕ್ಕೂ ಹೋಗಿ ಇಲ್ಲಿ ದುರಸ್ತಿ ಎಂದರೆ ಏನು ಮಾಡಬೇಕು ಎಂದು ಯೋಚಿಸಿ ಬರೆದೆ. ಮಧ್ಯಾಹ್ನದೊಳಗೆ ಮುಗಿಯಿತು. ರಾತ್ರಿ ಓಡಿತು, ಸರಿಯಾಗಿಯೇ ಓಡಿದಂತೆ ಕಂಡಿತು.

ಆದರೆ ಇದಕ್ಕೆ ಎರಡು ಷರತ್ತು ಇವೆ. ಬಿಟ್ಟುಹೋದ ಕೇಸುಗಳ ಎಚ್ಚರಿಕೆ ತಾನಾಗಿ ಬರುವುದಿಲ್ಲ, ಕಂಪೈಲರ್‌ಗೆ ವಾಲ್ ಎಂಬ ಫ್ಲ್ಯಾಗ್ (ಹೆಚ್ಚಿನ ಎಚ್ಚರಿಕೆಗಳನ್ನು ಕೇಳುವ ಆಯ್ಕೆ) ಹಾಕಲೇಬೇಕು. ನಾನು ಆ ಒಂದು ಎಚ್ಚರಿಕೆಯನ್ನು ಎರರ್ ಆಗಿಯೇ ಬದಲಿಸಿಕೊಂಡಿದ್ದೇನೆ. ಎರಡನೆಯದು ಇನ್ನೂ ಮುಖ್ಯ. ಪ್ಯಾಟರ್ನ್ ಮ್ಯಾಚ್ (ಯಾವ ಸ್ಥಿತಿಗೆ ಏನು ಮಾಡಬೇಕೆಂಬ ಪಟ್ಟಿ) ಬರೆಯುವಾಗ ಕೊನೆಗೆ ಒಂದು ಅಂಡರ್‌ಸ್ಕೋರ್ ಹಾಕಿ ‘ಉಳಿದದ್ದೆಲ್ಲ ಹೀಗೆ’ ಎಂದು ಬರೆದುಬಿಡುತ್ತೇವೆ ಅಲ್ವಾ, ಅಲ್ಲಿ ಕಂಪೈಲರ್ ಏನೂ ಹೇಳುವುದಿಲ್ಲ. ನಾಲ್ಕನೇ ಸ್ಥಿತಿ ಸದ್ದಿಲ್ಲದೆ ಆ ಉಳಿದದ್ದರೊಳಗೆ ಸೇರಿಕೊಳ್ಳುತ್ತದೆ. ನಮ್ಮಲ್ಲಿ ಅಂಥ ಜಾಗ ಎರಡಿದ್ದವು. ಅವು ಆ ಹದಿನಾಲ್ಕರಲ್ಲಿ ಇರಲಿಲ್ಲ. ವಾರದ ನಂತರ ವರದಿಯಲ್ಲಿ ತಪ್ಪು ಲೆಕ್ಕ ಕಂಡಾಗಲೇ ಗೊತ್ತಾಗಿದ್ದು. ಆವತ್ತಿನಿಂದ ನಮ್ಮ ಸ್ವಂತ ಟೈಪ್‌ಗಳ ಮೇಲೆ ಅಂಡರ್‌ಸ್ಕೋರ್ ಬಳಸುವುದಿಲ್ಲ ಎಂದು ತಂಡದಲ್ಲಿ ಮಾಡಿಕೊಂಡಿದ್ದೇವೆ.

ನ್ಯೂಟೈಪ್, ಅಂದರೆ ಇರುವ ಟೈಪ್‌ಗೆ ಹೊಸ ಹೆಸರಿನ ಹೊದಿಕೆ, ಕೂಡ ಹೀಗೇ ಉಪಕಾರಿ. ಯಂತ್ರದ ಸಂಖ್ಯೆಯೂ ಇಂಟ್ (ಪೂರ್ಣಾಂಕ), ಪಾಳಿಯ ಸಂಖ್ಯೆಯೂ ಇಂಟ್ ಆಗಿದ್ದಾಗ ಎರಡನ್ನೂ ಅದಲುಬದಲು ಕೊಟ್ಟರೆ ಯಾರೂ ತಡೆಯುವುದಿಲ್ಲ. ಎರಡಕ್ಕೂ ಬೇರೆ ಬೇರೆ ನ್ಯೂಟೈಪ್ ಕೊಟ್ಟರೆ ಕಂಪೈಲರ್ ತಡೆಯುತ್ತದೆ. ಪ್ರೋಗ್ರಾಂ ಓಡುವಾಗ ಆ ಹೊದಿಕೆ ಇರುವುದೇ ಇಲ್ಲ, ಆದ್ದರಿಂದ ವೇಗವೂ ಕಡಿಮೆಯಾಗುವುದಿಲ್ಲ.

ಈಗ ಟೈಪ್ ಹೇಳದಿರುವ ಭಾಗಕ್ಕೆ ಬರುತ್ತೇನೆ. ಆರು ವರ್ಷದಲ್ಲಿ ನನ್ನ ನಿದ್ದೆ ಕೆಡಿಸಿದ್ದೆಲ್ಲ ಇಲ್ಲಿಂದಲೇ ಬಂದಿದೆ.

ಹ್ಯಾಸ್ಕೆಲ್ ಲೇಜಿ ಭಾಷೆ. ಲೆಕ್ಕ ಕೊಟ್ಟ ಕೂಡಲೇ ಮಾಡುವುದಿಲ್ಲ. ‘ಬೇಕಾದಾಗ ಮಾಡುತ್ತೇನೆ’ ಎಂದು ಒಂದು ಚೀಟಿ ಬರೆದಿಡುತ್ತದೆ. ಆ ಚೀಟಿಗೆ ಥಂಕ್ ಎನ್ನುತ್ತಾರೆ. ಬಹಳ ಸಲ ಇದರಿಂದ ಅನುಕೂಲವೇ. ಆದರೆ ಬೇಡಿಕೆ ಬರುವುದು ತಡವಾದಷ್ಟೂ ಚೀಟಿಗಳು ಮೆಮೊರಿಯಲ್ಲಿ ಗುಡ್ಡೆ ಬೀಳುತ್ತವೆ.

ನಮ್ಮ ಎಣಿಕೆಯ ಕೆಲಸ ಹೀಗಿತ್ತು. ಪ್ರತಿ ಸಾಲಿನಿಂದ ದೋಷದ ಹೆಸರು ತೆಗೆಯುವುದು, ಮ್ಯಾಪ್‌ನಲ್ಲಿ (ಹೆಸರಿನ ಎದುರು ಮೌಲ್ಯ ಇಡುವ ಕೋಷ್ಟಕ) ಆ ಹೆಸರಿನ ಎದುರು ಒಂದು ಕೂಡಿಸುವುದು. ಅದಕ್ಕೆ ಇನ್ಸರ್ಟ್‌ವಿತ್ ಎಂಬ ಫಂಕ್ಷನ್ ಬಳಸಿದ್ದೆ. ಚಿಕ್ಕ ಫೈಲಿನಲ್ಲಿ ಚೆನ್ನಾಗಿ ಓಡಿತು. ಒಂದು ರಾತ್ರಿ ಸುಮಾರು 600 ಎಂಬಿ ಫೈಲ್ ಬಂತು. 8 ಜಿಬಿಯ ಯಂತ್ರದಲ್ಲಿ ಮೆಮೊರಿ ಏರುತ್ತಾ ಏರುತ್ತಾ ಹೋಗಿ, ಕೊನೆಗೆ ಆಪರೇಟಿಂಗ್ ಸಿಸ್ಟಂ ಪ್ರೋಗ್ರಾಂನ್ನೇ ಕೊಂದುಹಾಕಿತು. ಮ್ಯಾಪ್‌ನಲ್ಲಿ ಇದ್ದ ಹೆಸರುಗಳು ಇನ್ನೂರೂ ಇಲ್ಲ. ಇನ್ನೂರು ಸಂಖ್ಯೆಗೆ ಅಷ್ಟೊಂದು ಜಾಗ ಯಾಕೆ? ಯಾಕೆಂದರೆ ಅಲ್ಲಿ ಸಂಖ್ಯೆ ಇರಲೇ ಇಲ್ಲ. ಒಂದಕ್ಕೆ ಒಂದು ಕೂಡಿಸು, ಅದಕ್ಕೆ ಇನ್ನೊಂದು ಕೂಡಿಸು ಎಂಬ ಲಕ್ಷಗಟ್ಟಲೆ ಚೀಟಿಗಳ ಸರಪಳಿ ಇತ್ತು.

ಸರಿಮಾಡಲು ಒಂದೇ ಒಂದು ಸಾಲು ಬದಲಿಸಿದೆ. ಡೇಟಾ ಡಾಟ್ ಮ್ಯಾಪ್ ಎಂಬ ಮಾಡ್ಯೂಲ್ ಬದಲು ಡೇಟಾ ಡಾಟ್ ಮ್ಯಾಪ್ ಡಾಟ್ ಸ್ಟ್ರಿಕ್ಟ್ ಇಂಪೋರ್ಟ್ ಮಾಡಿದೆ, ಅಷ್ಟೇ. ಆಮೇಲೆ ತಂಡಕ್ಕೆ ಹೊಸದಾಗಿ ಬಂದ ಹುಡುಗಿಗೆ ಇದನ್ನು ತೋರಿಸುತ್ತಿದ್ದೆ. ಅವಳು ಎರಡೂ ಮಾಡ್ಯೂಲ್‌ಗಳ ವಿವರಣೆಯ ಪುಟ ಪಕ್ಕ ಪಕ್ಕ ತೆರೆದು ಕೇಳಿದಳು:

‘ಸರ್, ಫಂಕ್ಷನ್ ಹೆಸರೂ ಒಂದೇ, ಟೈಪೂ ಒಂದೇ ಇದೆ. ಕಂಪೈಲರ್‌ಗೆ ವ್ಯತ್ಯಾಸ ಹೇಗೆ ಗೊತ್ತಾಗುತ್ತೆ?’

‘ಗೊತ್ತಾಗಲ್ಲಮ್ಮ. ಅದನ್ನ ನಾವೇ ನೋಡ್ಕೋಬೇಕು.’

ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಎರಡೂ ಮಾಡ್ಯೂಲ್‌ಗಳಲ್ಲಿ ಮ್ಯಾಪ್ ಎಂಬ ಟೈಪ್ ಒಂದೇ. ಲೆಕ್ಕವನ್ನು ಯಾವಾಗ ಮಾಡುತ್ತದೆ ಎನ್ನುವುದು ಮಾತ್ರ ಬೇರೆ. ಆ ‘ಯಾವಾಗ’ ಎಂಬುದಕ್ಕೆ ಟೈಪ್‌ನಲ್ಲಿ ಜಾಗವಿಲ್ಲ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಕೆಲವು ತಿಂಗಳ ನಂತರ ಸರಾಸರಿಯೂ ಬೇಕೆಂದು ಸಂಖ್ಯೆಯ ಬದಲು ಒಂದು ಜೋಡಿ ಇಟ್ಟೆ: ಎಷ್ಟು ಸಲ, ಒಟ್ಟು ಎಷ್ಟು ಸೆಕೆಂಡ್. ಸ್ಟ್ರಿಕ್ಟ್ ಮ್ಯಾಪ್ ಇದ್ದರೂ ಮೆಮೊರಿ ಮತ್ತೆ ಏರಿತು. ಸ್ಟ್ರಿಕ್ಟ್ ಎಂದರೆ ಮೇಲಿನ ಪದರ ಮಾತ್ರ. ‘ಇದು ಒಂದು ಜೋಡಿ’ ಎನ್ನುವವರೆಗೆ ಲೆಕ್ಕ ಮಾಡಿ ನಿಲ್ಲುತ್ತದೆ. ಜೋಡಿಯ ಒಳಗಿನ ಎರಡೂ ಜಾಗದಲ್ಲಿ ಚೀಟಿಗಳು ಹಾಗೇ ಬೆಳೆಯುತ್ತವೆ. ಜೋಡಿ ತೆಗೆದು, ಎರಡು ಫೀಲ್ಡ್‌ಗಳ ಟೈಪ್ ಮುಂದೆ ಆಶ್ಚರ್ಯಸೂಚಕ ಚಿಹ್ನೆ ಹಾಕಿದ ನಮ್ಮದೇ ರೆಕಾರ್ಡ್ (ಹೆಸರಿಟ್ಟ ಫೀಲ್ಡ್‌ಗಳ ಗುಂಪು) ಇಟ್ಟ ಮೇಲೆ ಸರಿಹೋಯಿತು. ಆ ಚಿಹ್ನೆಗೆ ಬ್ಯಾಂಗ್ ಎನ್ನುತ್ತೇವೆ, ‘ಇದನ್ನು ಕೂಡಲೇ ಲೆಕ್ಕ ಮಾಡು’ ಎಂದು ಅರ್ಥ. ಈಗ ಲೆಕ್ಕ ಇಡುವ ಯಾವ ರೆಕಾರ್ಡ್ ಬರೆದರೂ ಬ್ಯಾಂಗ್ ಹಾಕಿಯೇ ಬರೆಯುತ್ತೇನೆ.

ಮೂರನೆಯದು ಎಲ್ಲಕ್ಕಿಂತ ಗುಪ್ತ. ಚೀಟಿ ಎಲ್ಲೂ ಇಲ್ಲ, ಆದರೂ ಫೈಲ್ ಮುಗಿದ ಮೇಲೆ 600 ಎಂಬಿ ಮೆಮೊರಿ ಬಿಡುಗಡೆಯೇ ಆಗುತ್ತಿರಲಿಲ್ಲ. ಟೆಕ್ಸ್ಟ್ ಲೈಬ್ರರಿಯಲ್ಲಿ ದೊಡ್ಡ ಪಠ್ಯದಿಂದ ಒಂದು ತುಂಡು ತೆಗೆದರೆ ಅದು ಪ್ರತಿ ಮಾಡಿಕೊಳ್ಳುವುದಿಲ್ಲ. ಮೂಲ ಪಠ್ಯದ ಇಂತಿಷ್ಟನೇ ಜಾಗದಿಂದ ಇಷ್ಟು ಉದ್ದ ಎಂದು ಗುರುತು ಮಾತ್ರ ಇಟ್ಟುಕೊಳ್ಳುತ್ತದೆ. ವೇಗಕ್ಕೆ ಅದು ಒಳ್ಳೆಯದೇ. ಆದರೆ ಹತ್ತು ಅಕ್ಷರದ ಒಂದು ಹೆಸರು ಮ್ಯಾಪ್‌ನಲ್ಲಿ ಉಳಿದರೂ ಸಾಕು, ಇಡೀ ಫೈಲಿನ ಪಠ್ಯ ಮೆಮೊರಿಯಲ್ಲಿ ಉಳಿಯುತ್ತದೆ. ಮ್ಯಾಪ್‌ಗೆ ಸೇರಿಸುವ ಮೊದಲು ಹೆಸರಿಗೆ ಕಾಪಿ ಫಂಕ್ಷನ್ ಹಾಕಿದರೆ ಮುಗಿಯಿತು. ಇದನ್ನು ಕಂಡುಹಿಡಿಯಲು ನನಗೆ ಎರಡು ದಿನ ಬೇಕಾಯಿತು.

ಇದಕ್ಕೆಲ್ಲ ಸಲಕರಣೆ ಇದೆ, ಮತ್ತು ಅದು ಚೆನ್ನಾಗಿದೆ. ನಾನು ತಡವಾಗಿ ಕಲಿತೆ, ನೀವು ಮೊದಲ ತಿಂಗಳಲ್ಲೇ ಕಲಿಯಿರಿ. ಪ್ರೋಗ್ರಾಂ ಓಡಿಸುವಾಗ ರನ್‌ಟೈಮ್‌ಗೆ (ಪ್ರೋಗ್ರಾಂ ಜೊತೆಗೇ ಓಡಿ ಮೆಮೊರಿ ನೋಡಿಕೊಳ್ಳುವ ಭಾಗ) ಎಸ್ ಎಂಬ ಆಯ್ಕೆ ಕೊಟ್ಟರೆ ಕೊನೆಯಲ್ಲಿ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಮ್ಯಾಕ್ಸಿಮಮ್ ರೆಸಿಡೆನ್ಸಿ (ಒಮ್ಮೆಗೆ ಬಳಕೆಯಲ್ಲಿದ್ದ ಗರಿಷ್ಠ ಮೆಮೊರಿ) ಎಂಬ ಸಾಲು ನೋಡಿ. ಫೈಲ್ ಎರಡರಷ್ಟಾದಾಗ ಹೆಸರುಗಳು ಜಾಸ್ತಿಯಾಗದೆ ಆ ಸಂಖ್ಯೆ ಮಾತ್ರ ಜಾಸ್ತಿಯಾದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ. ದೊಡ್ಡ ಎಂ ಆಯ್ಕೆಯಿಂದ ಮೆಮೊರಿಗೆ ಮಿತಿ ಹಾಕಬಹುದು. ನಮ್ಮ ಪರೀಕ್ಷೆಗಳನ್ನೆಲ್ಲ 256 ಎಂಬಿ ಮಿತಿಯೊಳಗೆ ಓಡಿಸುತ್ತೇವೆ. ಸೋರಿಕೆ ಇದ್ದರೆ ರಾತ್ರಿ ಬದಲು ಹಗಲೇ ಸಿಕ್ಕಿಬೀಳುತ್ತದೆ. ಲಿಂಕ್ ಮಾಡುವಾಗ ಆರ್‌ಟಿಎಸ್‌ಆಪ್ಟ್ಸ್ ಫ್ಲ್ಯಾಗ್ ಹಾಕಿರಬೇಕು, ಇಲ್ಲದಿದ್ದರೆ ಈ ಆಯ್ಕೆಗಳನ್ನು ಪ್ರೋಗ್ರಾಂ ಒಪ್ಪುವುದಿಲ್ಲ. ಇನ್ನೂ ಆಳಕ್ಕೆ ಹೋಗಬೇಕಾದರೆ ಹೀಪ್ ಪ್ರೊಫೈಲ್ (ಮೆಮೊರಿ ಯಾವುದಕ್ಕೆ ಹೋಗಿದೆ ಎಂಬ ಚಿತ್ರ) ತೆಗೆಯಬಹುದು. ಜಿಎಚ್‌ಸಿ 9.2ರಿಂದ ಯಾವ ಸಾಲಿನ ಕೋಡ್ ಮೆಮೊರಿ ಹಿಡಿದಿದೆ ಎಂಬುದನ್ನೂ, ಪ್ರೊಫೈಲಿಂಗ್‌ಗಾಗಿ ಬೇರೆ ಬಿಲ್ಡ್ ಮಾಡದೆಯೇ ನೋಡಬಹುದು. ಕಾಪಿ ಸಮಸ್ಯೆ ಸಿಕ್ಕಿದ್ದು ಹೀಪ್ ಪ್ರೊಫೈಲ್‌ನಲ್ಲೇ.

ಪಠ್ಯದ ವಿಷಯ ಬಂದಿದ್ದರಿಂದ ಇನ್ನೊಂದು ಹೇಳಬೇಕು. ಹ್ಯಾಸ್ಕೆಲ್‌ನ ಮೂಲ ಸ್ಟ್ರಿಂಗ್ ಎಂದರೆ ಅಕ್ಷರಗಳ ಪಟ್ಟಿ. 64 ಬಿಟ್ ಯಂತ್ರದಲ್ಲಿ ಒಂದೊಂದು ಕೊಂಡಿಗೇ 24 ಬೈಟ್ ಬೇಕು. ಟೆಕ್ಸ್ಟ್ 2.0ರಿಂದ ಒಳಗೆ ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ವಿಧಾನ) ಇದೆ, ಅಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ್ದಕ್ಕೆ ಮೂರು. ಚಿಕ್ಕ ಸಂದೇಶಗಳಿಗೆ ಬಿಟ್ಟು ಬೇರೆ ಎಲ್ಲಕ್ಕೂ ಟೆಕ್ಸ್ಟ್ ಬಳಸಿ.

ಕನ್ನಡ ಬಳಸುವವರಿಗೆ ಮೊದಲ ದಿನವೇ ಗಾಬರಿ ಹುಟ್ಟಿಸುವ ಸಂಗತಿಯೂ ಇದೆ. ‘ಕನ್ನಡ’ ಎಂಬ ಪದವನ್ನು ಪ್ರಿಂಟ್ ಮಾಡಿ ನೋಡಿ. 3221, 3240, 3277, 3240, 3233 ಎಂಬ ಅಕ್ಷರಸಂಖ್ಯೆಗಳು ಓರೆಗೆರೆಗಳ ಜೊತೆ ಬರುತ್ತವೆ. ಏನೂ ಕೆಟ್ಟಿಲ್ಲ. ಪ್ರಿಂಟ್ ಒಳಗೆ ಶೋ ಇದೆ, ಶೋ ಎಂಬುದು ಕೋಡ್‌ನಲ್ಲಿ ಬರೆಯುವ ರೂಪ ಕೊಡುತ್ತದೆ. ಪುಟ್‌ಎಸ್‌ಟಿಆರ್‌ಎಲ್‌ಎನ್ ಬಳಸಿದರೆ ಕನ್ನಡವೇ ಬರುತ್ತದೆ. ಉದ್ದ ಕೇಳಿದರೆ ಮೂರು ಬದಲು ಐದು ಎನ್ನುತ್ತದೆ, ಒತ್ತಕ್ಷರದ ಬಿಡಿಭಾಗಗಳನ್ನೂ ಎಣಿಸುವುದರಿಂದ. ಕಾಲಂ ಜೋಡಿಸುವಾಗ ಇದನ್ನು ನೆನಪಿಡಿ.

ಇದಕ್ಕಿಂತ ಕೆಟ್ಟದ್ದು ಕಂಟೇನರ್ (ಪ್ರೋಗ್ರಾಂಗೆ ಬೇಕಾದದ್ದನ್ನಷ್ಟೇ ಕಟ್ಟಿಕೊಟ್ಟ ಪ್ರತ್ಯೇಕ ಪರಿಸರ) ಒಳಗೆ ಓಡಿಸುವಾಗ ಆಗುತ್ತದೆ. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ಓದಿದ ಫೈಲ್ ಅಲ್ಲಿ ‘ಈ ಬೈಟ್‌ಗಳನ್ನು ಓದಲಾಗದು’ ಎಂಬ ಅರ್ಥದ ಎರರ್ ಕೊಟ್ಟು ನಿಂತುಹೋಗುತ್ತದೆ. ಕಂಟೇನರ್‌ನಲ್ಲಿ ಭಾಷೆಯ ಸೆಟ್ಟಿಂಗ್ ಇರುವುದಿಲ್ಲ, ಪ್ರೋಗ್ರಾಂ ಪಠ್ಯವೆಲ್ಲ ಬರೀ ಆಸ್ಕಿ (ಇಂಗ್ಲಿಷ್ ಅಕ್ಷರಗಳ ಎನ್‌ಕೋಡಿಂಗ್) ಎಂದು ತಿಳಿದುಕೊಳ್ಳುತ್ತದೆ. ಮೇನ್‌ನ ಮೊದಲ ಸಾಲಿನಲ್ಲೇ ಎನ್‌ಕೋಡಿಂಗನ್ನು ಯುಟಿಎಫ್-8 ಎಂದು ಹೇಳಿಬಿಡಿ, ಅಥವಾ ಬೈಟ್‌ಸ್ಟ್ರಿಂಗ್ (ಬರೀ ಬೈಟ್‌ಗಳ ಸಾಲು) ಆಗಿ ಓದಿ ನೀವೇ ಡಿಕೋಡ್ ಮಾಡಿ. ನಾನು ಎರಡನೆಯದನ್ನೇ ಮಾಡುತ್ತೇನೆ. ಕೆಟ್ಟ ಸಾಲು ಬಂದರೆ ಅದೊಂದನ್ನು ಬದಿಗಿಟ್ಟು ಮುಂದೆ ಹೋಗಬಹುದು.

ಸ್ಥಾಪನೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಂಪೈಲರ್ ಮತ್ತು ಜೊತೆಗಿನ ಸಲಕರಣೆ ಹಾಕಿಕೊಡುವ ಜಿಎಚ್‌ಸಿಅಪ್ ಬಂದ ಮೇಲೆ ಆ ಗೋಳು ಬಹುಮಟ್ಟಿಗೆ ತಪ್ಪಿದೆ. ಹೊಸದರಲ್ಲೇ ಹೊಸ ಆವೃತ್ತಿಗೆ ಆಸೆಪಡದೆ ಅದು ‘ಶಿಫಾರಸು’ ಎಂದು ಗುರುತು ಹಾಕಿದ್ದನ್ನು ತೆಗೆದುಕೊಳ್ಳಿ. ಎಡಿಟರ್‌ಗೆ ಸಹಾಯ ಮಾಡುವ ಎಚ್‌ಎಲ್‌ಎಸ್ ಹೊಸ ಕಂಪೈಲರ್‌ಗೆ ಹೊಂದಿಕೊಳ್ಳಲು ಸ್ವಲ್ಪ ಸಮಯ ಹಿಡಿಯುತ್ತದೆ. ಪ್ಯಾಕೇಜುಗಳನ್ನು ತಂದು ಬಿಲ್ಡ್ ಮಾಡಲು ಮೊದಲ ಎರಡು ವರ್ಷ ಸ್ಟ್ಯಾಕ್ ಬಳಸಿದೆ, ಈಗ ಕಬಾಲ್. ಸ್ಟ್ಯಾಕ್‌ನಲ್ಲಿ ಒಂದಕ್ಕೊಂದು ಹೊಂದುವ ಪ್ಯಾಕೇಜುಗಳ ಗೊಂಚಲು ಸಿದ್ಧವಾಗಿ ಸಿಗುತ್ತದೆ, ಹೊಸಬರಿಗೆ ನೆಮ್ಮದಿ. ಕಬಾಲ್‌ನಲ್ಲಿ ಆವೃತ್ತಿಗಳನ್ನು ಕಟ್ಟಿಹಾಕುವ ಫ್ರೀಜ್ ಫೈಲ್ ಇಟ್ಟುಕೊಂಡರೆ ಅದೇ ನೆಮ್ಮದಿ ಸಿಗುತ್ತದೆ. ಎರಡರಲ್ಲಿ ಯಾವುದಾದರೂ ಆದೀತು.

ಎಚ್‌ಎಲ್‌ಎಸ್ ಕೆಲಸ ಮಾಡಿದಾಗ ಬಹಳ ಹಿತ. ದೊಡ್ಡ ಪ್ರಾಜೆಕ್ಟ್‌ನಲ್ಲಿ ಮಾತ್ರ ಮೆಮೊರಿ ವಿಪರೀತ ತಿನ್ನುತ್ತದೆ, ಆಗಾಗ ಮರುಪ್ರಾರಂಭ ಬೇಕಾಗುತ್ತದೆ. ಅಂಥ ಹೊತ್ತಿಗೆ ಜಿಎಚ್‌ಸಿಐಡಿ ಇಟ್ಟುಕೊಂಡಿದ್ದೇನೆ. ಒಂದು ಕಿಟಕಿ, ಸೇವ್ ಒತ್ತಿದರೆ ಎರರ್ ಪಟ್ಟಿ, ಬೇರೇನೂ ಇಲ್ಲ. ಆರು ವರ್ಷದಲ್ಲಿ ಅದು ನನಗೆ ಕೈಕೊಟ್ಟಿದ್ದೇ ಇಲ್ಲ.

ಹೂಗಲ್ ಎಂಬ ಹುಡುಕುತಾಣದ ಬಗ್ಗೆ ಪ್ರೀತಿಯಿಂದ ಬರೆಯಬೇಕು. ಅದರಲ್ಲಿ ಫಂಕ್ಷನ್‌ಗಳನ್ನು ಟೈಪ್ ಕೊಟ್ಟು ಹುಡುಕಬಹುದು. ಸಾಲುಗಳನ್ನು ಬಿಡಿಸಿದ ಮೇಲೆ ನನ್ನ ಬಳಿ ಈದರ್‌ಗಳ (ಎರಡರಲ್ಲಿ ಒಂದನ್ನು ಹಿಡಿದಿಡುವ ಟೈಪ್) ಪಟ್ಟಿ ಇತ್ತು, ಕೆಲವು ತಪ್ಪು, ಕೆಲವು ಸರಿ. ತಪ್ಪುಗಳು ಒಂದು ಕಡೆ, ಸರಿಯಾದವು ಇನ್ನೊಂದು ಕಡೆ ಬೇಕಿತ್ತು. ಈದರ್‌ಗಳ ಪಟ್ಟಿಯಿಂದ ಎರಡು ಪಟ್ಟಿಗಳ ಜೋಡಿಗೆ ಹೋಗುವ ಟೈಪ್ ಬರೆದು ಹುಡುಕಿದೆ. ಪಾರ್ಟಿಶನ್‌ಈದರ್ಸ್ ಸಿಕ್ಕಿತು. ಹೆಸರು ಗೊತ್ತಿಲ್ಲದೆ, ಆಕಾರ ಮಾತ್ರ ಗೊತ್ತಿದ್ದು ಹುಡುಕುವ ಈ ಅನುಕೂಲವನ್ನು ಬೇರೆ ಭಾಷೆಗಳಲ್ಲಿ ಕೆಲಸ ಮಾಡುವಾಗ ನೆನೆಸಿಕೊಳ್ಳುತ್ತೇನೆ. ಕೋಡ್ ನಡುವೆ ಸುಮ್ನೆ ಒಂದು ಅಂಡರ್‌ಸ್ಕೋರ್ ಬಿಟ್ಟರೆ ಕಂಪೈಲರ್ ಕೂಡ ಇದನ್ನೇ ಮಾಡುತ್ತದೆ: ಇಲ್ಲಿ ಯಾವ ಟೈಪ್ ಬೇಕು, ಏನೇನು ಹೊಂದುತ್ತದೆ ಎಂದು ತಿಳಿಸುತ್ತದೆ.

ನಿಯಮ ಕೊಟ್ಟರೆ ಪರೀಕ್ಷೆಗಳನ್ನು ತಾನೇ ಹುಟ್ಟಿಸುವ ಕ್ವಿಕ್‌ಚೆಕ್ ಕೂಡ ಕೈಬಿಡಬೇಡಿ. 2000ದಲ್ಲಿ ಕೋಯೆನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ ಅದರ ಬಗ್ಗೆ ಬರೆದ ಪ್ರಬಂಧ ಬಂತು, ಆಮೇಲೆ ಬೇರೆ ಎಷ್ಟೋ ಭಾಷೆಗಳು ಆ ವಿಧಾನವನ್ನು ತೆಗೆದುಕೊಂಡವು. ‘ಸಾಲನ್ನು ಬರೆದು ಮತ್ತೆ ಓದಿದರೆ ಮೊದಲಿನದೇ ಸಿಗಬೇಕು’ ಎಂದು ನಿಯಮ ಬರೆದೆ. ಅದು 100 ಸಲ ಮನಸ್ಸಿಗೆ ಬಂದ ಪಠ್ಯ ಕೊಟ್ಟು ನೋಡುತ್ತದೆ. ಒಂದು ಉದ್ದದ ಪಠ್ಯದಲ್ಲಿ ಸೋತಿತು, ತಾನೇ ಅದನ್ನು ಕಿರಿದು ಮಾಡುತ್ತಾ ಹೋಗಿ ಕೊನೆಗೆ ಒಂದೇ ಒಂದು ಟ್ಯಾಬ್ ಅಕ್ಷರ ತೋರಿಸಿತು. ಫೀಲ್ಡ್‌ಗಳ ನಡುವೆ ಟ್ಯಾಬ್ ಇಟ್ಟಿದ್ದವನು ನಾನು, ಫೀಲ್ಡ್ ಒಳಗೇ ಟ್ಯಾಬ್ ಬಂದರೆ ಏನು ಎಂದು ಯೋಚಿಸಿರಲಿಲ್ಲ.

ಬೇಸರಗಳೂ ಉಳಿದಿವೆ. ಕಂಪೈಲ್ ನಿಧಾನ, ಅದರಲ್ಲೂ ಟೆಂಪ್ಲೇಟ್ ಹ್ಯಾಸ್ಕೆಲ್ (ಕಂಪೈಲ್ ಸಮಯದಲ್ಲೇ ಕೋಡ್ ಹುಟ್ಟಿಸುವ ಸೌಲಭ್ಯ) ಇದ್ದರೆ ಇನ್ನೂ ನಿಧಾನ. ಬರೆಯುವಾಗ ಆಪ್ಟಿಮೈಸೇಶನ್ (ಪ್ರೋಗ್ರಾಂನ ವೇಗ ಹೆಚ್ಚಿಸುವ ಹಂತ) ನಿಲ್ಲಿಸಿ ಇಡುತ್ತೇನೆ. ಎರಡು ರೆಕಾರ್ಡ್‌ಗಳಲ್ಲಿ ಒಂದೇ ಫೀಲ್ಡ್ ಹೆಸರು ಇಡಲು ಬಹಳ ಕಾಲ ಒದ್ದಾಡಿದೆವು, 9.2ರಲ್ಲಿ ಚುಕ್ಕೆ ಹಾಕಿ ಫೀಲ್ಡ್ ತೆಗೆಯುವ ಎಕ್ಸ್‌ಟೆನ್ಶನ್ ಬಂದ ಮೇಲೆ ಹಗುರವಾಗಿದೆ. ಎರರ್ ಸಂದೇಶಗಳು ಈಗಲೂ ಉದ್ದ. 9.6ರಿಂದ ಪ್ರತಿ ಎರರ್‌ಗೂ ಸಂಖ್ಯೆ ಇದೆ, ಟೈಪ್ ಹೊಂದದಿದ್ದರೆ 83865. ಆ ಸಂಖ್ಯೆ ಹುಡುಕಿದರೆ ಹಲವು ಎರರ್‌ಗಳಿಗೆ ಉದಾಹರಣೆ ಸಮೇತ ವಿವರಣೆ ಸಿಗುತ್ತದೆ. ಹೊಸಬರು ಈಗ ನನ್ನನ್ನು ಕೇಳುವ ಮೊದಲು ಅಲ್ಲಿಗೆ ಹೋಗುತ್ತಾರೆ.

9.10ಕ್ಕೆ ಬಂದಾಗ ಆದದ್ದನ್ನು ಹೇಳಿ ನಿಲ್ಲಿಸುತ್ತೇನೆ. ಪಟ್ಟಿಯನ್ನು ಒಂದೇ ಮೌಲ್ಯಕ್ಕೆ ಇಳಿಸುವಾಗ ಲೆಕ್ಕವನ್ನು ಆಗಿಂದಾಗಲೇ ಮಾಡುವ ಫೋಲ್ಡ್‌ಎಲ್ ಪ್ರೈಮ್ ಫಂಕ್ಷನ್ ಈ ಆವೃತ್ತಿಯಿಂದ ಪ್ರಿಲ್ಯೂಡ್‌ನಲ್ಲೇ (ಇಂಪೋರ್ಟ್ ಮಾಡದೆ ಸಿಗುವ ಮಾಡ್ಯೂಲ್) ಸಿಗುತ್ತದೆ, ಅದರ ಇಂಪೋರ್ಟ್‌ಗಳನ್ನು ಅಳಿಸಿದೆವು. ಪಟ್ಟಿಯ ಮೊದಲನೆಯದನ್ನು ಕೊಡುವ ಹೆಡ್, ಉಳಿದದ್ದನ್ನು ಕೊಡುವ ಟೇಲ್ ಬಳಸಿದರೆ 9.8ರಿಂದಲೇ ಎಚ್ಚರಿಕೆ ಬರುತ್ತದೆ, ಖಾಲಿ ಪಟ್ಟಿ ಕೊಟ್ಟರೆ ಪ್ರೋಗ್ರಾಂ ಬೀಳುತ್ತದೆ ಎಂದು. ನಮ್ಮಲ್ಲಿ ಹನ್ನೊಂದು ಕಡೆ ಬಂತು. ಒಂಬತ್ತು ಕಡೆ ಪಟ್ಟಿ ಖಾಲಿ ಇರಲು ಸಾಧ್ಯವೇ ಇರಲಿಲ್ಲ. ಅವುಗಳ ಟೈಪನ್ನು ನಾನ್‌ಎಂಪ್ಟಿ (ಖಾಲಿ ಇರಲಾಗದ ಪಟ್ಟಿ) ಎಂದು ಬದಲಿಸಿದೆವು. ಉಳಿದ ಎರಡು ಕಡೆ ಒಂದು ಯಂತ್ರ ಇಡೀ ದಿನ ಲಾಗ್ ಕಳಿಸದಿದ್ದರೆ ಪಟ್ಟಿ ಖಾಲಿಯೇ ಬರುತ್ತಿತ್ತು. ಅವೆರಡನ್ನು ಅವತ್ತೇ ಕೂತು ಸರಿಮಾಡಿದೆವು.