ಧಾರವಾಡದ ಒಂದು ಬರವಣಿಗೆ ನೆರವು ಕೇಂದ್ರ: ಎರಡು ಟೇಬಲ್, ಎರಡು ಅನುಭವ

ಧಾರವಾಡದಲ್ಲಿ ಪಿಎಚ್.ಡಿ. ಮಾಡುವವರಿಗೆ ಬರವಣಿಗೆಯ ನೆರವು ಎಂದರೆ ಬಹುಕಾಲ ಎರಡೇ ಇದ್ದವು: ಮಾರ್ಗದರ್ಶಕರಿಗೆ ಸಿಗುವ ಬಿಡುವು ಮತ್ತು ಟೈಪಿಂಗ್ ಅಂಗಡಿಯವರ ಅನುಭವ. ಇವೆರಡರಿಂದಲೂ ಆಗದ ಕೆಲಸಕ್ಕೆಂದು ಇಲ್ಲಿನ ವಿಶ್ವವಿದ್ಯಾಲಯವೊಂದು ತನ್ನ ಗ್ರಂಥಾಲಯದಲ್ಲಿ ನಡೆಸುತ್ತಿರುವ ನೆರವು ಕೇಂದ್ರವನ್ನು ನಾನು ಮಹಾಪ್ರಬಂಧದ ಕೊನೆಯ ಹಂತದಲ್ಲಿ ಬಳಸಿಕೊಂಡಿದ್ದೇನೆ. ಶುಲ್ಕವಿಲ್ಲ, ನೋಂದಣಿ ಸಂಖ್ಯೆ ತೋರಿಸಿ ರಿಜಿಸ್ಟರಿನಲ್ಲಿ ಹೆಸರು ಬರೆಸಿದರೆ ಸಮಯ ಕೊಡುತ್ತಾರೆ. ಒಳಗಿರುವುದು ಎರಡು ಟೇಬಲ್, ಅವುಗಳ ಕೆಲಸದ ಗುಣಮಟ್ಟಕ್ಕೆ ಅಜಗಜಾಂತರ.

ಮೊದಲನೆಯದು ಸಲಹೆಗಾರರದು. ಗದಗ ಸೀಮೆಯ ಸಹಕಾರಿ ಸಂಘಗಳ ಇತಿಹಾಸ ನನ್ನ ವಿಷಯವಾದ್ದರಿಂದ, 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ, ಅದರ ಬೆನ್ನಲ್ಲೇ 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘ, ಇವುಗಳಿಂದ ಆರಂಭವಾಗುವ ಅಧ್ಯಾಯವನ್ನು ಒಯ್ದಿದ್ದೆ. ಅಲ್ಲಿದ್ದ ಮೇಡಂ ಅದನ್ನು ತಾವು ಓದಲಿಲ್ಲ. ನನ್ನಿಂದಲೇ ಗಟ್ಟಿಯಾಗಿ ಓದಿಸಿದರು, ಎರಡನೆಯ ಪುಟದ ಕೊನೆಯಲ್ಲಿ ಕೈ ತೋರಿಸಿ ನಿಲ್ಲಿಸಿದರು. “ಇಷ್ಟೂ ಎಲ್ಲಾರಿಗೂ ಗೊತ್ತಿದ್ದದ್ದ ಐತ್ರಿ ಸರ. ಇದರಾಗ ನಿಮ್ಮ ಮಾತು ಯಾವುದ್ರಿ?” ಎಂದು ಕೇಳಿ, ಪೆನ್ಸಿಲನ್ನು ನನ್ನ ಕೈಗೇ ಕೊಟ್ಟು, ಆ ಮಾತು ಎಲ್ಲಿದೆಯೋ ಅಲ್ಲಿ ಗೆರೆ ಎಳೆಯಿರಿ ಎಂದರು. ಗೆರೆ ಬಿದ್ದದ್ದು ಏಳನೆಯ ಪುಟದ ಒಂದು ವಾಕ್ಯಕ್ಕೆ: ಸಾಲದ ದಾಖಲೆಗಳಲ್ಲಿ ಜಾಮೀನು ನಿಂತವರ ಹೆಸರುಗಳು ಹಳ್ಳಿಯ ನೆಂಟಸ್ತನವನ್ನು ಹೇಳುತ್ತವೆ ಎಂಬ ವಾಕ್ಯ. ಅಧ್ಯಾಯ ಅಲ್ಲಿಂದಲೇ ಶುರುವಾಗಬೇಕು ಎಂದಷ್ಟೇ ಹೇಳಿದರು. ಒಂದು ಸಾಲನ್ನೂ ಬರೆದುಕೊಡಲಿಲ್ಲ, ಕೇಳಿದರೂ ಬರೆದುಕೊಡುವುದಿಲ್ಲ. ವ್ಯಾಕರಣ ತಿದ್ದಿಸಿಕೊಳ್ಳಲು ಬಂದವರು ಗೊಣಗುತ್ತ ಹೋಗುವುದನ್ನು ಕಂಡಿದ್ದೇನೆ, ಆದರೆ ಕೇಂದ್ರದಲ್ಲಿ ನಿಜಕ್ಕೂ ಬೆಲೆಬಾಳುವ ಸೇವೆ ಎಂದರೆ ಈ ಗಟ್ಟಿ ಓದೇ.

ಎರಡನೆಯ ಟೇಬಲ್ ಕೃತಿಚೌರ್ಯ ತಪಾಸಣೆಯದು, ಮತ್ತು ಕ್ಯೂ ಇರುವುದೆಲ್ಲ ಇದರ ಮುಂದೆಯೇ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಾವಳಿಯ ಪ್ರಕಾರ, ಬೇರೆ ಬರಹಗಳೊಂದಿಗಿನ ಸಾಮ್ಯತೆ ಶೇ 10ರವರೆಗೆ ಇದ್ದರೆ ದಂಡನೆಯಿಲ್ಲ. ಅದಕ್ಕಿಂತ ಹೆಚ್ಚಾಗಿ ಶೇ 40ರ ಒಳಗಿದ್ದರೆ ಆರು ತಿಂಗಳು ಮೀರದ ಅವಧಿಯಲ್ಲಿ ತಿದ್ದಿ ಒಪ್ಪಿಸಬೇಕು, ಶೇ 60ನ್ನು ದಾಟಿದರೆ ನೋಂದಣಿಯೇ ರದ್ದು. ಹೀಗಿರುವಾಗ ವಿದ್ಯಾರ್ಥಿಗಳು ಅಂಕಿಗೆ ಹೆದರುವುದು ಸಹಜ. ಅದೇ ನಿಯಮಾವಳಿಯು ಗ್ರಂಥಋಣ, ಪರಿವಿಡಿ, ಮುನ್ನುಡಿ, ಆಕರ ಸಹಿತ ಉದ್ಧರಣೆ, ಕಾನೂನಿನ ಪಠ್ಯ ಇವುಗಳನ್ನು ಲೆಕ್ಕದಿಂದ ಹೊರಗಿಡಲು ಹೇಳುತ್ತದೆ. ಈ ಟೇಬಲ್ಲಿನವರು ಮಾತ್ರ ಕಡತವನ್ನು ಇಡಿಯಾಗಿ ಯಂತ್ರಕ್ಕೆ ಹಾಕಿ, ಬಂದ ಅಂಕಿಯ ಮೊದಲ ಪುಟವನ್ನಷ್ಟೇ ಮುದ್ರಿಸಿ ಕೈಗಿಡುತ್ತಾರೆ. ಸಹಕಾರಿ ಕಾಯ್ದೆಯ ಕಲಮುಗಳೂ ನನ್ನ ಲೆಕ್ಕಕ್ಕೆ ಸೇರಿದ್ದವು. ಬಣ್ಣ ಹಚ್ಚಿದ ಪೂರ್ಣ ವರದಿಯನ್ನು ಕೇಳಿ ಪಡೆಯಬೇಕು. ಕೇಳದವರಿಗೆ ಅದು ಇದೆಯೆಂಬುದೇ ಗೊತ್ತಾಗುವುದಿಲ್ಲ. ಯಾವ ಸಾಲು ಎಲ್ಲಿಯದಕ್ಕೆ ಹೋಲುತ್ತದೆ ಎಂದು ಕಾಣದೆ ಬರೀ ಶೇಕಡಾವಾರು ನೋಡಿದ ವಿದ್ಯಾರ್ಥಿ, ಚೆನ್ನಾಗಿದ್ದ ವಾಕ್ಯಗಳನ್ನೂ ಪರ್ಯಾಯ ಪದಗಳಿಂದ ಕೆಡಿಸಿಕೊಂಡು ಬರುತ್ತಾನೆ.

ಕನ್ನಡದಲ್ಲಿ ಪ್ರಬಂಧ ಬರೆಯುವವರ ಪಾಡು ಇನ್ನೂ ಕಷ್ಟ. ನಮ್ಮ ಕಡೆ ಇಂದಿಗೂ ಬಹಳಷ್ಟು ಅಂಗಡಿಗಳು ಹಳೆಯ ನುಡಿ ಫಾಂಟಿನಲ್ಲಿಯೇ ಬೆರಳಚ್ಚು ಮಾಡುತ್ತವೆ. ಯುನಿಕೋಡ್ ಅಲ್ಲದ ಆ ಕಡತ ಕಣ್ಣಿಗೆ ಕನ್ನಡ, ತಂತ್ರಾಂಶಕ್ಕೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಅದರಿಂದ ಹೊರಡುವ ಸಾಮ್ಯತೆಯ ಅಂಕಿಗೆ ಅರ್ಥವೇ ಇಲ್ಲ. ಪರಿವರ್ತಿಸಿ ತನ್ನಿರಿ ಎಂದು ಕೇಂದ್ರದವರು ಹೇಳಿಬಿಡುತ್ತಾರೆ, ಪರಿವರ್ತಿಸಿದಾಗ ಚೆಲ್ಲಾಪಿಲ್ಲಿಯಾಗುವ ಒತ್ತಕ್ಷರಗಳನ್ನೂ ಅರ್ಕಾವೊತ್ತನ್ನೂ ಸರಿಪಡಿಸುವ ಬಗೆ ಹೇಳುವವರು ಅಲ್ಲಿಲ್ಲ. ಕಾರ್ಯಾಗಾರಗಳು, ಕೈಪಿಡಿ, ಉಲ್ಲೇಖ ಕ್ರಮದ ಮಾದರಿ ಎಲ್ಲವೂ ಇಂಗ್ಲಿಷಿನಲ್ಲಿವೆ. ಶಾಸನ, ವಚನ, ಜಾನಪದ ಎಂದು ಇಷ್ಟೊಂದು ಸಂಶೋಧನೆ ಕನ್ನಡದಲ್ಲಿ ನಡೆಯುವ ಊರಿನಲ್ಲಿ ಕನ್ನಡ ಬಲ್ಲ ಒಬ್ಬ ಸಲಹೆಗಾರರನ್ನಾದರೂ ಆ ಕೆಲಸಕ್ಕೆಂದೇ ಕೂರಿಸದಿರುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಲೋಪ.

ಸಿನಾಪ್ಸಿಸ್‌ನಿಂದ ಬೈಂಡಿಂಗ್‌ವರೆಗೆ ಎಲ್ಲವನ್ನೂ ಮಾಡಿಕೊಡುತ್ತೇವೆ ಎನ್ನುವ ಹೊರಗಿನವರ ಜೊತೆ ಈ ಕೇಂದ್ರವನ್ನು ಹೋಲಿಸುವುದೇ ತಪ್ಪು. ಅವರು ಮಾರುವುದು ನೆರವನ್ನಲ್ಲ.

ಹೋಗುವವರು ಅಧ್ಯಾಯ ಇನ್ನೂ ಕರಡಾಗಿರುವಾಗಲೇ, ಮಾರ್ಗದರ್ಶಕರಿಗೆ ತಿಳಿಸಿ, ಸಲಹೆಗಾರರ ಸಮಯವನ್ನು ಕಾಯ್ದಿರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಪ್ರಬಂಧ ಒಪ್ಪಿಸುವ ವಾರದಲ್ಲಿ ಅವರು ಮಾಡಬಹುದಾದದ್ದು ಕಡಿಮೆ. ಕೇಂದ್ರ ಸಂಜೆ ಐದಕ್ಕೆ ಮುಚ್ಚುತ್ತದೆ, ರವಿವಾರ ರಜೆ. ಹುಬ್ಬಳ್ಳಿಯವರು ಚಿಗರಿ ಬಸ್ಸು ಹಿಡಿದು ಹೇಗೋ ಬಂದು ಮುಟ್ಟಬಹುದು. ಹಾವೇರಿ, ಗದಗದ ಕಾಲೇಜುಗಳಲ್ಲಿ ಪಾಠ ಮಾಡುತ್ತಲೇ ಅರೆಕಾಲಿಕ ಸಂಶೋಧನೆ ನಡೆಸುವ ಉಪನ್ಯಾಸಕರು ಒಂದು ದಿನದ ರಜೆ ಹಾಕದೆ ಈ ಸೇವೆಯನ್ನು ಪಡೆಯುವಂತಿಲ್ಲ, ವಿಡಿಯೊ ಕರೆಯ ಮೂಲಕ ಮಾತನಾಡುವ ವ್ಯವಸ್ಥೆಯನ್ನು ಕೇಂದ್ರ ಈವರೆಗೆ ಮಾಡಿಲ್ಲ.