ಆರು ವಿಷಯಕ್ಕೆ ಒಂದೇ ಸೆಕ್ಷನ್: ಒಂದು ಪ್ರೌಢಶಾಲೆಯ ವಿಂಗಡಣೆಯ ಕುರಿತು

ನಮ್ಮ ಮಗಳು 2022ರ ಜೂನ್‌ನಿಂದ 2025ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯವರೆಗೆ ಓದಿದ, ನಮ್ಮ ಜಿಲ್ಲಾ ಕೇಂದ್ರದ ಖಾಸಗಿ ಪ್ರೌಢಶಾಲೆಯೊಂದರ ಕುರಿತು ಇದನ್ನು ಬರೆಯುತ್ತಿದ್ದೇನೆ. ಕಟ್ಟಡ, ಬಸ್ಸು, ಶುಲ್ಕ ಇವುಗಳ ಬಗ್ಗೆ ನನ್ನ ತಕರಾರಿಲ್ಲ, ಪ್ರಯೋಗಾಲಯವಂತೂ ಚೆನ್ನಾಗಿದೆ. ಮಕ್ಕಳನ್ನು ಅಂಕಗಳ ಪ್ರಕಾರ ಎ, ಬಿ, ಸಿ ಸೆಕ್ಷನ್‌ಗಳಿಗೆ ಹಂಚುವ ಅಲ್ಲಿನ ಪದ್ಧತಿಯ ಬಗ್ಗೆ ಮಾತ್ರ ಹೇಳುವುದಿದೆ, ಏಕೆಂದರೆ ದಾಖಲಾತಿಯ ದಿನ ಯಾರೂ ನಮಗೆ ತಿಳಿಸದೆ ಬಿಟ್ಟದ್ದು ಅದೊಂದನ್ನೇ.

ಎಂಟನೆಯ ತರಗತಿಯಲ್ಲಿ ಎಲ್ಲರೂ ಬೆರೆತೇ ಕೂರುತ್ತಾರೆ. ಆ ವರ್ಷದ ಸಂಕಲನಾತ್ಮಕ ಪರೀಕ್ಷೆಗಳ ಒಟ್ಟು ಅಂಕವನ್ನು ಹಿಡಿದು, ಒಂಬತ್ತನೆಯ ತರಗತಿಯ ಮೊದಲ ವಾರದಲ್ಲಿ ಮೂರು ಪಟ್ಟಿಗಳನ್ನು ಸೂಚನಾ ಫಲಕಕ್ಕೆ ಅಂಟಿಸುತ್ತಾರೆ. ಎ ಸೆಕ್ಷನ್‌ಗೆ ಪಿಯುಸಿ ವಿಜ್ಞಾನದ ಮೇಲೆ ಕಣ್ಣಿಟ್ಟು ಸಂಜೆ ಒಂದು ಗಂಟೆ ಹೆಚ್ಚುವರಿ ಪಾಠ ನಡೆಯುತ್ತದೆ; ಸಿ ಸೆಕ್ಷನ್‌ಗೆ ಬೆಳಗ್ಗೆ ವಿಶೇಷ ತರಗತಿ ಮತ್ತು ‘ಪಾಸಿಂಗ್ ಪ್ಯಾಕೇಜ್’, ಅಂದರೆ ಪಾಸಾಗಲು ಬೇಕಾದಷ್ಟೇ ಪಾಠ. ಬಿ ಸೆಕ್ಷನ್‌ಗೆ ಎರಡೂ ಇಲ್ಲ. ಸಿ ಸೆಕ್ಷನ್‌ನವರನ್ನು ಶಿಕ್ಷಕರು ಸಭೆಗಳಲ್ಲಿ ‘ನಿಧಾನ ಕಲಿಕೆಯ ಮಕ್ಕಳು’ ಎನ್ನುತ್ತಾರೆ, ಮಕ್ಕಳು ಅಷ್ಟು ಸುತ್ತಿ ಬಳಸಿ ಹೇಳುವುದಿಲ್ಲ.

ಎಂಟನೆಯ ತರಗತಿಯ ಗಣಿತದಲ್ಲಿ ನೂರಕ್ಕೆ 28 ತೆಗೆದಿದ್ದ ನಮ್ಮ ಮಗಳು ಸಿ ಸೆಕ್ಷನ್‌ಗೆ ಹೋದಳು, ಮತ್ತು ಗಣಿತದ ಮಟ್ಟಿಗೆ ಅದರಿಂದ ಲಾಭವೇ ಆಯಿತೆಂದು ಒಪ್ಪಿಕೊಳ್ಳದಿದ್ದರೆ ಅನ್ಯಾಯವಾಗುತ್ತದೆ. ತರಗತಿಯಲ್ಲಿ ಮೂವತ್ತು ಮಕ್ಕಳಷ್ಟೇ ಇದ್ದರು. ಶಾಲೆಯ ಅತ್ಯಂತ ಅನುಭವಿ ಗಣಿತ ಶಿಕ್ಷಕಿಯನ್ನು ಅಲ್ಲಿಗೇ ಹಾಕಿದ್ದರು. ಅವರು ಭಿನ್ನರಾಶಿಯಿಂದ ಮತ್ತೆ ಆರಂಭಿಸಿ, ಥೇಲ್ಸ್ ಪ್ರಮೇಯವನ್ನು ಬಾಯಿಪಾಠ ಮಾಡಿಸದೆ ಕಾಗದ ಮಡಿಚಿ ತೋರಿಸಿದರು. ಹತ್ತನೆಯ ತರಗತಿಯಲ್ಲಿ ಆಕೆಗೆ ಗಣಿತದಲ್ಲಿ 61 ಬಂತು.

ತೊಂದರೆ ಆದದ್ದು ಕನ್ನಡದಲ್ಲಿ. ಆಕೆ ಬರೆದ 2025ರ ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಎಂಟನೆಯ ತರಗತಿಯಲ್ಲಿ ಕನ್ನಡಕ್ಕೆ ಇಡೀ ಶಾಲೆಯಲ್ಲೇ ಹೆಚ್ಚು ಅಂಕ ಪಡೆದವರಲ್ಲಿ ಒಬ್ಬಳಾಗಿದ್ದ, ಲಘು ಗುರು ಗುರುತಿಸಿ ಪ್ರಸ್ತಾರ ಹಾಕುವುದನ್ನು ಪದಬಂಧ ಬಿಡಿಸಿದಷ್ಟೇ ಖುಷಿಯಿಂದ ಮಾಡುತ್ತಿದ್ದ ಹುಡುಗಿಗೆ, ಸಿ ಸೆಕ್ಷನ್‌ನ ಕನ್ನಡ ಪಾಠದಲ್ಲಿ ಸಿಕ್ಕಿದ ಸಲಹೆ ‘ಛಂದಸ್ಸು, ಅಲಂಕಾರ ಬಿಟ್ಟುಬಿಡಿ; ಗಾದೆ ವಿಸ್ತರಣೆ, ಪತ್ರಲೇಖನ, ಕಂಠಪಾಠದ ಪದ್ಯ ಗಟ್ಟಿ ಮಾಡಿಕೊಳ್ಳಿ’ ಎಂಬುದು. ಹಳಗನ್ನಡದ ಪದ್ಯಗಳಿಗೆ ಸಾರಾಂಶ ಬರೆಸಿ ಮುಂದೆ ಹೋದರು. ಅತ್ತ ಎ ಸೆಕ್ಷನ್‌ನಲ್ಲಿ ಗಣಿತಕ್ಕೆ ತೊಂಬತ್ತು ತೆಗೆಯುತ್ತಿದ್ದ ನಮ್ಮ ಪಕ್ಕದ ಮನೆಯ ಹುಡುಗ ಕನ್ನಡದಲ್ಲಿ ಒತ್ತಕ್ಷರಕ್ಕೇ ತಡವರಿಸುತ್ತಿದ್ದ; ಅವನಿಗೆ ಪರಿಹಾರ ಬೋಧನೆ ಬೇಕೆಂದು ಯಾರಿಗೂ ತೋಚಲಿಲ್ಲ. ಎ ಸೆಕ್ಷನ್ ಅಲ್ಲವೇ!

ಮುಖ್ಯೋಪಾಧ್ಯಾಯರನ್ನು ಕಂಡು ಗಣಿತಕ್ಕೊಂದು, ಕನ್ನಡಕ್ಕೊಂದು ಗುಂಪು ಮಾಡಲಾಗದೇ ಎಂದು ಕೇಳಿದೆ. ‘ವೇಳಾಪಟ್ಟಿ ಕೂಡಿಬರುವುದಿಲ್ಲ ಸರ್’ ಎಂದರು. ಮೂರು ಸೆಕ್ಷನ್‌ಗಳಿಗೂ ಒಂದೇ ಅವಧಿಯಲ್ಲಿ ಗಣಿತ ಇಡಬೇಕಾದರೆ ಮೂವರು ಗಣಿತ ಶಿಕ್ಷಕರು ಬೇಕು, ಇರುವುದು ಇಬ್ಬರು. ಮಾತು ನಿಜವೇ. ಆದರೆ ಜೂನ್‌ನಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿ ಮಾಡಿಸುವ ಸೇತುಬಂಧ ನಡೆಸುವಾಗ ಇದೇ ಶಾಲೆ ವಿಷಯವಾರು ಪೂರ್ವಪರೀಕ್ಷೆ ಮಾಡಿ, ಯಾವ ಮಗು ಯಾವುದರಲ್ಲಿ ಹಿಂದಿದೆ ಎಂಬುದನ್ನು ಬರೆದಿಡುತ್ತದೆ. ಬೆಳಗಿನ ವಿಶೇಷ ತರಗತಿಗಾದರೂ ಆ ಪಟ್ಟಿಯನ್ನು ಬಳಸಬಹುದಿತ್ತು. ಸಿಬಿಎಸ್‌ಇ 2020ರ ಹತ್ತನೆಯ ತರಗತಿಯ ಪರೀಕ್ಷೆಯಿಂದ ಗಣಿತಕ್ಕೆ ಮಾತ್ರ ಸ್ಟ್ಯಾಂಡರ್ಡ್, ಬೇಸಿಕ್ ಎಂದು ಎರಡು ಪ್ರಶ್ನೆಪತ್ರಿಕೆಗಳನ್ನು ತಂದಿತು. ಪಾಠ ಎಲ್ಲರಿಗೂ ಒಂದೇ. ಮಕ್ಕಳನ್ನು ದಶಕಗಳ ಕಾಲ ಎಕ್ಸ್‌ಪ್ರೆಸ್, ನಾರ್ಮಲ್ ಎಂದು ಬೇರ್ಪಡಿಸಿದ ಸಿಂಗಪುರವೂ 2024ರಲ್ಲಿ ಪ್ರೌಢಶಾಲೆಗೆ ಸೇರಿದವರಿಂದ ಅದನ್ನು ಕೈಬಿಟ್ಟು, ಬೆರಕೆ ತರಗತಿಯಲ್ಲಿ ಕೂರಿಸಿ ಒಂದೊಂದು ವಿಷಯವನ್ನು ಒಂದೊಂದು ಮಟ್ಟದಲ್ಲಿ ಓದಲು ಬಿಟ್ಟಿದೆ.

ದಸರಾ ರಜೆಗೆ ಮುಂಚಿನ ಪರೀಕ್ಷೆಯಾದ ಮೇಲೆ ಸೆಕ್ಷನ್ ಬದಲಾಯಿಸುವ ಅವಕಾಶವಿದೆ ಎನ್ನುತ್ತಾರೆ. ಎರಡು ವರ್ಷಗಳಲ್ಲಿ ಸಿ ಬಿಟ್ಟು ಮೇಲೆ ಹೋದವರು ನನಗೆ ತಿಳಿದಂತೆ ಇಬ್ಬರು. ಅಷ್ಟರಲ್ಲಿ ಎ ಸೆಕ್ಷನ್ ಮೂರು ನಾಲ್ಕು ಅಧ್ಯಾಯ ಮುಂದಿರುತ್ತದೆ, ಹೋದ ಮಗು ಅಲ್ಲಿ ಬಿಟ್ಟುಹೋದ ಪಾಠವನ್ನು ಟ್ಯೂಷನ್‌ನಲ್ಲೇ ಕಲಿಯಬೇಕು. ಗೇಟಿನ ಮೇಲಿನ ‘ಶೇ. 100 ಫಲಿತಾಂಶ’ ಫ್ಲೆಕ್ಸ್‌ಗೆ ಈ ವ್ಯವಸ್ಥೆ ಸರಿಹೋಗುತ್ತದೆ, ಅದಕ್ಕೆಂದೇ ಮಾಡಿದ್ದು ಎಂದೂ ನನ್ನ ಅನುಮಾನ.

ಗಣಿತ ಬೋಧನೆಗೆ ಐದರಲ್ಲಿ ನಾಲ್ಕು, ವಿಂಗಡಣೆಗೆ ಒಂದೂವರೆ ಕೊಡುತ್ತೇನೆ. ಸೇರಿಸುವವರು ಪಟ್ಟಿ ಯಾವ ಅಂಕದ ಮೇಲೆ ಆಗುತ್ತದೆ, ಕಳೆದ ವರ್ಷ ಎಷ್ಟು ಮಕ್ಕಳ ಸೆಕ್ಷನ್ ಬದಲಾಯಿತು ಎಂಬೆರಡನ್ನು ಶುಲ್ಕ ಕಟ್ಟುವ ಮೊದಲೇ ಕೇಳಿ. ನಮ್ಮ ಮಗನೂ ಬರುವ ಜೂನ್‌ಗೆ ಎಂಟನೆಯ ತರಗತಿ. ಆ ಗಣಿತ ಶಿಕ್ಷಕಿಯ ಪಾಠ ಸಿಗಲೆಂಬ ಆಸೆಗೆ ಅದೇ ಶಾಲೆಯ ಅರ್ಜಿಯನ್ನು ತಂದಿಟ್ಟಿದ್ದೇವೆ, ಇನ್ನೂ ತುಂಬಿಲ್ಲ.